ದಡಬಡಿಗೆ ಸಾವಿಲ್ಲ

ಫೆಬ್ರವರಿ ೯

ಘನ ಅಧ್ಯಕ್ಷರೇ, ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ, ವೇದಿಕೆಯಲ್ಲಿ ಕುರ್ಚಿ ಸಾಲದೆ ಕೆಳಗೆ ಕುಳಿತು ಮುಖ ಊದಿಸಿಕೊಂಡಿರುವ ಇನ್ನೂ ಗಣ್ಯರೇ, ಊಟದ ಹಾಲಿಗೆ ಹತ್ತಿರವಾಗಲೆಂದು ಕೊನೆಯ ಸಾಲನ್ನೇ ಆರಿಸಿಕೊಂಡ ಬುದ್ಧಿವಂತರೇ, ಮತ್ತು ಮೂರನೆಯ ಸಾಲಿನಲ್ಲಿ ಕಂಬದ ಮರೆಗೆ ತಲೆ ತಗ್ಗಿಸಿ ಕುಳಿತಿದ್ದ ನನ್ನ ಒಡಹುಟ್ಟಿದ ತಂಗಿಯೇ,

ಇಂದಿನ ಚರ್ಚೆಯ ವಿಷಯ: ಸಾವಿಲ್ಲದಿರುವುದು ವರವೋ ಶಾಪವೋ. ವರದ ಪರವಾಗಿ ನೀನು, ವಿರೋಧವಾಗಿ ನಾನು. ತೀರ್ಪುಗಾರರು ಈ ಲೋಕದಲ್ಲಿಲ್ಲ. ಅಥವಾ ಇದ್ದಾರೆ, ನಿನ್ನ ಲ್ಯಾಬಿನ ಬಾಟಲಿಯಲ್ಲಿ. ಜಗಳವೇ ಅದು.

ಫೋನ್ ಮಾಡಬೇಡ, ಎತ್ತುವುದಿಲ್ಲ. ಇಪ್ಪತ್ತು ವರ್ಷದಿಂದ ಸಭೆ-ಸಮಾರಂಭಗಳ ನಿರೂಪಣೆ ಮಾಡಿ ನನ್ನ ದನಿ ಬಾಡಿಗೆಯದಾಗಿದೆ. ಸಿಟ್ಟಿನಲ್ಲಿ ಬಾಯಿ ತೆರೆದರೂ ಅದು ಮೊದಲು ಸ್ವಾಗತ ಕೋರುತ್ತದೆ. ಕಾಗದದಲ್ಲಾದರೆ ನಾನು ಸ್ವಲ್ಪವಾದರೂ ನಾನೇ.

ನಿಮ್ಮ ಸಂಸ್ಥೆಯ ವಾರ್ಷಿಕೋತ್ಸವಕ್ಕೆ ಗೊತ್ತಾಗಿದ್ದ ನಿರೂಪಕನಿಗೆ ಗಂಟಲು ಕಟ್ಟಿ ನನ್ನನ್ನು ಕರೆದರು. ನಿನಗೆ ಆಶ್ಚರ್ಯವಾಗಲಿ ಎಂದು ಮೊದಲೇ ತಿಳಿಸಲಿಲ್ಲ. ಆಶ್ಚರ್ಯ ಯಾರ ಪಾಲಿಗೆ ಬಂತು ಎಂಬುದು ಈಗ ಸಭೆಗೇ ಗೊತ್ತು. ನಿಮ್ಮ ನಿರ್ದೇಶಕರು ಕೈಗಿಟ್ಟ ಹಾಳೆಯನ್ನು ನಾನು ಮುಂಚೆ ಓದಿಕೊಳ್ಳಲಿಲ್ಲ. ಅನುಭವದ ಕೊಬ್ಬು, ಬೇರೇನಲ್ಲ. ಸಭೆಯ ಮುಂದೆ ನಿಂತೇ ಓದುತ್ತ ಹೋದೆ: ನಮ್ಮ ಸಂಸ್ಥೆಯ ಹೆಮ್ಮೆ, ರೋಗಿಯೊಬ್ಬರ ಕರುಳಿನ ಗೆಡ್ಡೆಯಿಂದ ಪಡೆದು, ಹನ್ನೊಂದು ವರ್ಷಗಳಿಂದ ಸಾಯದೆ ಬೆಳೆಯುತ್ತಿರುವ ಜೀವಕೋಶಗಳು; ಲ್ಯಾಬಿನಲ್ಲಿ ಎಲ್ಲರೂ ಅಕ್ಕರೆಯಿಂದ ಕರೆಯುವುದು 'ದಡಬಡಿ' ಎಂದು.

ಈ ಭೂಮಿಯ ಮೇಲೆ ಆ ಹೆಸರಿನವಳು ಒಬ್ಬಳೇ ಇದ್ದಳು. ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಟೈಪಿಂಗ್ ಕ್ಲಾಸು ನಡೆಸುತ್ತಿದ್ದವಳು, ಮೆಟ್ಟಿಲಿಳಿದರೂ ಟೈಪ್ ಮಾಡಿದ ಹಾಗೆ ಸದ್ದು ಮಾಡುತ್ತಿದ್ದವಳು, ಅಪ್ಪ ಆ ಹೆಸರು ಹಿಡಿದು ಕೂಗಿ ಮುಗಿಸುವಷ್ಟರಲ್ಲಿ "ಏನ್ರೀ" ಎನ್ನುತ್ತ ಎದುರಿಗೇ ಬಂದಿರುತ್ತಿದ್ದವಳು. ಅಪ್ಪ ಹೋದ ಮೇಲೆ, ಅಮ್ಮನೂ ಹೋದ ಮೇಲೆ, ಆ ಹೆಸರು ಗೊತ್ತಿದ್ದವರು ಇಬ್ಬರು. ಒಬ್ಬ ಕೊರಳಿಗೆ ಮೈಕು ಸಿಕ್ಕಿಸಿಕೊಂಡು ನಿಂತಿದ್ದ. ಇನ್ನೊಬ್ಬಳು ಕಂಬದ ಮರೆಯಲ್ಲಿದ್ದಳು.

ನನ್ನ ಕಣ್ಣು ನಿನ್ನನ್ನು ಹುಡುಕಿತು. ನೀನು ನೆಲ ನೋಡಿದೆ. ಅಷ್ಟರಲ್ಲೇ ನನಗೆ ಎಲ್ಲ ತಿಳಿಯಿತು. ಆಮೇಲೆ ನಾನೇನು ಮಾಡಿದೆ ನೋಡು. ಸಭೆ ಮೌನವಾಗಿತ್ತು, ಮೌನ ನಮ್ಮ ಕಸುಬಿಗೆ ಆಗದ್ದು, ಬಾಯಿ ತಾನಾಗಿ ತೆರೆದುಕೊಂಡಿತು: "ಗಡಿಬಿಡಿಯ ಲೋಕದಲ್ಲಿ ಗಡಿ ಮೀರಿದ ದಡಬಡಿ, ಕಾಲ ಬಂದು ಕರೆದರೂ ಕದಲದ ಈ ದಡಬಡಿ." ಚಪ್ಪಾಳೆ. ನಮ್ಮ ಅಮ್ಮನನ್ನು ತಿಂದ ಗೆಡ್ಡೆಗೆ ನಾನೇ ನಿಂತು ಚಪ್ಪಾಳೆ ಹೊಡೆಸಿದೆ.

ನೀನು ವೇದಿಕೆಯ ಹಿಂದೆ ಬರುವಷ್ಟರಲ್ಲಿ ಪಕ್ಕದ ಬಾಗಿಲಿನಿಂದ ಹೋಗಿಬಿಟ್ಟಿದ್ದೆ. ನಿಮ್ಮ ಸಂಸ್ಥೆಯ ಕಾಲರ್ ಮೈಕು ನನ್ನ ಕೊರಳಲ್ಲೇ ಉಳಿದಿದೆ. ಬೇರೆ ಪೊಟ್ಟಣದಲ್ಲಿ ಕಳಿಸುತ್ತೇನೆ. ನಮ್ಮದಲ್ಲದ್ದನ್ನು ಇಟ್ಟುಕೊಳ್ಳುವ ಅಭ್ಯಾಸ ನನಗಿಲ್ಲ.

ಕ್ಷೇಮ ಕೇಳುವುದು ಪದ್ಧತಿ. ಇಲ್ಲಿ ಕ್ಷೇಮವಿಲ್ಲ. ಅಲ್ಲಿದ್ದರೆ ಸ್ವಲ್ಪ ಕಳಿಸು.

ನಿನ್ನ
ಅಣ್ಣ


ಫೆಬ್ರವರಿ ೨೭

ಅಣ್ಣಾ,

ನಿನ್ನ ಕಾಗದ ಓದಿ ನಗು ಬಂತು, ಆಮೇಲೆ ನಗು ಬಂದದ್ದಕ್ಕೆ ಅಳು ಬಂತು. ನಿನ್ನ ಬರವಣಿಗೆಯ ತೊಂದರೆಯೇ ಅದು. ಬೈದರೆ ಬೈದ ಹಾಗೆ ಇರಬೇಕು.

ಪರ, ವಿರೋಧ ಎಲ್ಲ ಆಮೇಲೆ. ನಡೆದದ್ದನ್ನು ನೆಟ್ಟಗೆ ಹೇಳುತ್ತೇನೆ. ಅಮ್ಮನ ಆಪರೇಷನ್ ದಿನ ಸರ್ಜನ್ನರನ್ನು ಕೇಳಿ ಗೆಡ್ಡೆಯ ಒಂದು ಚೂರು ತೆಗೆದುಕೊಂಡೆ, ಬಟಾಣಿ ಕಾಳಿನಷ್ಟು. ಹಾಗೆ ತಂದದ್ದು ಹೆಚ್ಚಿನ ಸಲ ಬೆಳೆಯುವುದಿಲ್ಲ. ನಮ್ಮ ಮೈಯ ಸಾಮಾನ್ಯ ಕೋಶ ಇಷ್ಟು ಸಲ ಎಂದು ಒಡೆದು ಎರಡಾಗುತ್ತದೆ, ಆಮೇಲೆ ಸಾಕೆಂದು ನಿಲ್ಲುತ್ತದೆ. ಕ್ಯಾನ್ಸರಿನ ಕೋಶ ಆ 'ಸಾಕು' ಎಂಬುದನ್ನು ಮರೆತಿರುತ್ತದೆ. ಆದರೂ ಮೈಯಿಂದ ಹೊರಗೆ ತಂದರೆ ಅದೂ ಸಾಯುವುದೇ ಹೆಚ್ಚು. ಅಮ್ಮನದು ಸಾಯಲಿಲ್ಲ. ಒಂದೇ ವಾರದಲ್ಲಿ ಬಾಟಲಿಯ ತಳವೆಲ್ಲ ತುಂಬಿಕೊಂಡಿತು. ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದ ನನ್ನ ಬಾಯಿಂದ "ಏನೇ ದಡಬಡಿ" ಎಂದು ಬಂದುಬಿಟ್ಟಿತು. ಪಕ್ಕದಲ್ಲಿದ್ದ ಆಗಿನ ಸಹಾಯಕಿ ಅದನ್ನೇ ಬಾಟಲಿಯ ಮೇಲೆ ಬರೆದಳು. ಅಳಿಸಲು ನನಗೆ ಮನಸ್ಸಾಗಲಿಲ್ಲ. ತಪ್ಪಿದ್ದರೆ ಅಲ್ಲಿದೆ.

ಅವಕ್ಕೆ ದಿನ ಬಿಟ್ಟು ದಿನ ಆಹಾರದ ದ್ರವ ಬದಲಾಯಿಸಬೇಕು. ತುಂಬಿದಾಗ ಬಿಡಿಸಿ ಎರಡು ಬಾಟಲಿ ಮಾಡಬೇಕು. ರಜೆಯಲ್ಲಿ ನಿಮ್ಮ ಮನೆಗೆ ಬಂದರೂ ಎರಡನೆಯ ದಿನಕ್ಕೇ ಬ್ಯಾಗು ಕಟ್ಟುತ್ತೇನೆ ಎಂದು ಅತ್ತಿಗೆ ಮುನಿಸಿಕೊಳ್ಳುತ್ತಾರಲ್ಲ, ಕಾರಣ ಅದು. ಈ ಕೋಶಗಳ ಮೇಲೆ ಪರೀಕ್ಷೆ ಮಾಡಿದ ಒಂದು ಔಷಧ ಈಗ ರೋಗಿಗಳ ಹತ್ತಿರಕ್ಕೆ ಬಂದಿದೆ. ಅಮ್ಮನ ಕಾಲಕ್ಕೆ ಅದು ಇರಲಿಲ್ಲ.

ಇನ್ನು ನಿನ್ನಿಂದ ಆಗಬೇಕಾದದ್ದು. ಹೊಸ ನಿಯಮ ಬಂದಿದೆ. ಈಗ ಬದುಕಿಲ್ಲದವರಿಂದ ಹಿಂದೆ ಪಡೆದ ಕೋಶಗಳನ್ನು ಇಟ್ಟುಕೊಳ್ಳಲು ಮಕ್ಕಳೆಲ್ಲರ ಸಹಿ ಬೇಕು. ಒಬ್ಬರು ಒಲ್ಲೆನೆಂದರೂ ಸಂಸ್ಥೆಯಲ್ಲಿರುವುದನ್ನೆಲ್ಲ, ಹೆಪ್ಪುಗಟ್ಟಿಸಿ ಇಟ್ಟದ್ದೂ ಸೇರಿ, ನಾಶ ಮಾಡಬೇಕು. ಮೇ ಕೊನೆಯವರೆಗೆ ಗಡುವು. ನಾನು ಹಾಕಿದ್ದೇನೆ. ವಾರ್ಷಿಕೋತ್ಸವ ಮುಗಿದ ಮೇಲೆ ಊರಿಗೆ ಬಂದು, ಎದುರು ಕೂತು, ಎಲ್ಲ ಹೇಳಿ ನಿನ್ನ ಸಹಿ ಕೇಳಬೇಕೆಂದಿದ್ದೆ. ನಂಬುತ್ತೀಯೋ ಇಲ್ಲವೋ.

ಮೈಕು ತಲುಪಿತು.

ನಿನ್ನ
ತಂಗಿ


ಮಾರ್ಚ್ ೧೪

ತಂಗೀ,

ನಂಬುತ್ತೇನೆ. ಬರಬೇಕೆಂದಿದ್ದೆ ಎಂದು ನಂಬುತ್ತೇನೆ, ಸಹಿ ಬೇಕಾದಾಗ ಬರುವವಳಿದ್ದೆ ಎಂದೂ ನಂಬುತ್ತೇನೆ. ನಂಬಿಕೆಗೆ ನಮ್ಮಲ್ಲಿ ಬರವಿಲ್ಲ, ಅದರಿಂದಲೇ ಈ ಗತಿ.

ವಾದಕ್ಕೆ ಬರೋಣ. ಕನ್ನಡ ಮಾಧ್ಯಮದ ಬಿ.ಎ. ಎಂದು ಹಗುರ ಮಾಡಬೇಡ. ಅಟ್ಟದಿಂದ ನಿನ್ನದೇ ಹಳೆಯ ಜೀವಶಾಸ್ತ್ರದ ಪುಸ್ತಕ ಇಳಿಸಿ ಓದಿದ್ದೇನೆ. ಅರ್ಧ ಅರ್ಥವಾಯಿತು. ಉಳಿದರ್ಧಕ್ಕೆ ನೀನು ಅಂಚಿನಲ್ಲಿ ಗೀಚಿದ ಬೆಕ್ಕಿನ ಚಿತ್ರಗಳಿದ್ದವು.

ತಾಯ ಗರ್ಭದಲ್ಲಿ ಕೂಸಿನ ಕೈ ಮೊದಲು ಬಾತುಕೋಳಿಯ ಪಾದದ ಹಾಗೆ ಇರುತ್ತದಂತೆ. ನಡುವಿನ ಕೋಶಗಳು ತಾವಾಗಿ ಸತ್ತು ಜಾಗ ಬಿಡುವುದರಿಂದ ಬೆರಳುಗಳು ಬೇರೆ ಬೇರೆ ಆಗುತ್ತವಂತೆ. ಅಂದರೆ ಕೀಲಿಗಳ ಮೇಲೆ ನೋಡದೆಯೇ ಓಡುತ್ತಿದ್ದ ಅಮ್ಮನ ಹತ್ತು ಬೆರಳೂ ಸಾವು ಮಾಡಿಕೊಟ್ಟವು. ಸಾಯಲು ಒಪ್ಪಿದ ಕೋಶಗಳಿಂದ ಅಮ್ಮ ಆದಳು, ಸಾಯಲು ಒಪ್ಪದ ಕೋಶಗಳಿಂದ ಅಮ್ಮ ಹೋದಳು. ನೀನು ಯಾರ ಕಡೆ? ಹನ್ನೊಂದು ವರ್ಷ ತುತ್ತು ಕೊಟ್ಟು ಸಾಕಿರುವುದು ಅಮ್ಮನನ್ನಲ್ಲ, ಅಮ್ಮನನ್ನು ಕೊಂದದ್ದನ್ನು.

ಪುರಾಣಕ್ಕೆ ಬಾ. ದೇವತೆಗಳ ಸಾಲಿನಲ್ಲಿ ಕದ್ದು ಕೂತು ಅಮೃತಕ್ಕೆ ಕೈಯೊಡ್ಡಿದ ಅಸುರನ ಕತ್ತು, ಅಮೃತ ಗಂಟಲು ಇಳಿಯುವ ಮೊದಲೇ ಹೋಯಿತು. ತಲೆ ಮಾತ್ರ ಉಳಿಯಿತು. ರಾಹು. ಅದಕ್ಕೆ ಸಾವಿಲ್ಲ, ಹೊಟ್ಟೆಯೂ ಇಲ್ಲ. ಸೂರ್ಯನನ್ನೇ ನುಂಗಿದರೂ ಗಂಟಲಿನ ಕೆಳಗಿನಿಂದ ಹೊರಬೀಳುತ್ತಾನೆ. ತಿನ್ನುವುದು ನಿಲ್ಲುವುದಿಲ್ಲ, ತುಂಬುವುದೂ ಇಲ್ಲ. ನಿನ್ನ ಬಾಟಲಿಯಲ್ಲಿರುವುದು ಅದೇ. ಮೈಯಿಲ್ಲದ ಹಸಿವು, ಮನೆಯಿಲ್ಲದ ಉಸಿರು.

ಯಯಾತಿಯನ್ನು ನಾನು ಚಿಕ್ಕಂದಿನಿಂದ ಬೈಯುತ್ತ ಬಂದವನು, ಮಗನ ಯೌವನ ಈಸಿಕೊಂಡ ಲಜ್ಜೆಗೇಡಿ ಎಂದು. ಈಗ ಅವನ ಬಗ್ಗೆ ಗೌರವ ಹುಟ್ಟಿದೆ. ಐದೂ ಮಕ್ಕಳನ್ನು ಕರೆದು ಕೇಳಿದನಲ್ಲ. ನಾಲ್ವರು ಆಗದು ಎಂದರು. ಆಗದು ಎನ್ನುವ ಅವಕಾಶವಾದರೂ ಅವರಿಗಿತ್ತು.

ಅದಕ್ಕೇ ಕೇಳುತ್ತೇನೆ. ಆ ಕೊನೆಯ ಆರು ತಿಂಗಳು ಅಮ್ಮ ಇದ್ದದ್ದು ನನ್ನ ಮನೆಯಲ್ಲಿ. ವಾಂತಿಯ ಬೋಗುಣಿ ಹಿಡಿದವನು ನಾನು. ಪೇಪರಿನಲ್ಲಿ ಸತ್ತವರ ಫೋಟೊ ಇರುವ ಪುಟ ತೆಗೆದಿಟ್ಟು ಉಳಿದದ್ದನ್ನು ಓದಿ ಹೇಳಿದವನು ನಾನು. "ಸಾಕು ಕಣೋ, ಇನ್ನು ಸಾಕು" ಎಂದು ಅವಳು ಅಂದದ್ದು ನನ್ನ ಕಿವಿಗೆ. ನೀನು ಶನಿವಾರ ಬರುತ್ತಿದ್ದೆ, ಭಾನುವಾರ ಹೋಗುತ್ತಿದ್ದೆ. ಸಾಕು ಎಂದವಳನ್ನು ನೀನು ಬೇಕೆಂದು ಇಟ್ಟುಕೊಂಡೆಯಲ್ಲ, ಅವಳಿಗೆ ಹೇಳಿದೆಯಾ?

ಇದಕ್ಕೆ ಉತ್ತರ ಬರುವವರೆಗೆ ಸಹಿಯ ಮಾತಿಲ್ಲ.

ನಿನ್ನ
ಅಣ್ಣ


ಏಪ್ರಿಲ್ ೨

ಅಣ್ಣಾ,

ಉತ್ತರ ಬರೆಯಲು ಇಷ್ಟು ದಿನ ಯಾಕೆ ಹಿಡಿಯಿತು ಎಂಬುದು ಕಾಗದ ಓದಿ ಮುಗಿಸಿದ ಮೇಲೆ ನಿನಗೇ ತಿಳಿಯುತ್ತದೆ.

ಮೊದಲು ನನ್ನ ಪುರಾಣ ಕೇಳು. ಹೇಳಿದವಳು ಅಮ್ಮನೇ, ಕ್ಲಾಸು ಮುಗಿದ ಮೇಲೆ ಮೆಶೀನುಗಳಿಗೆ ಹೊದಿಕೆ ಹಾಕುತ್ತ. ಇಂದ್ರದ್ಯುಮ್ನ ಎಂಬ ರಾಜ ಸ್ವರ್ಗದಿಂದ ಕೆಳಗೆ ಬಿದ್ದ. ಭೂಮಿಯಲ್ಲಿ ಅವನನ್ನು ನೆನೆಯುವವರು ಯಾರೂ ಉಳಿದಿಲ್ಲ ಎಂಬುದು ಕಾರಣ. ಚಿರಂಜೀವಿ ಮಾರ್ಕಂಡೇಯನ ಬಳಿ ಹೋಗಿ ನನ್ನ ಗುರುತಿದೆಯೇ ಎಂದ. ಇಲ್ಲ. ಅವನಿಗಿಂತ ಹಳೆಯ ಗೂಬೆಗೂ ಗೊತ್ತಿಲ್ಲ, ಗೂಬೆಗಿಂತ ಹಳೆಯ ಕೊಕ್ಕರೆಗೂ ಗೊತ್ತಿಲ್ಲ. ಕೊನೆಗೆ ಒಂದು ಕೆರೆಯ ಮುದಿ ಆಮೆ ಅವನನ್ನು ಕಂಡು ಕಣ್ಣೀರು ಹಾಕಿ, ಗೊತ್ತು ಎಂದಿತು. ಅಷ್ಟಕ್ಕೇ ಅವನಿಗೆ ಸ್ವರ್ಗ ಮತ್ತೆ ಸಿಕ್ಕಿತು. ಸಾಯದಿರುವುದು ಅಂದರೆ ನನಗೆ ಅಷ್ಟೇ, ಅಣ್ಣ. ಗೊತ್ತು ಅನ್ನಲು ಎಲ್ಲೋ ಒಂದು ಆಮೆ ಇರುವುದು. ಬಾಟಲಿಯಲ್ಲಿರುವುದು ಅಮ್ಮ ಅಲ್ಲವೆಂದು ನನಗೆ ನಿನಗಿಂತ ಚೆನ್ನಾಗಿ ಗೊತ್ತು. ಆದರೆ ಅದನ್ನು ನೋಡಿಕೊಳ್ಳುವ ದಿನ ನಾನು ಅವಳನ್ನು ಮರೆಯುವುದಿಲ್ಲ. ದಿನ ಬಿಟ್ಟು ದಿನ ಮರೆಯುವುದಿಲ್ಲ.

ಕೊಂದದ್ದು ಅದೇ ಎನ್ನುತ್ತೀಯ. ಹೌದು. ಆದರೆ ಹೊರಗಿನಿಂದ ಬಂದದ್ದಲ್ಲ ಅದು. ಕೊಂದದ್ದೂ ಅವಳೇ, ಸತ್ತದ್ದೂ ಅವಳೇ. ಬೇರೆ ಮಾಡಲು ನನಗೆ ಬರಲಿಲ್ಲ.

ಈಗ ನಿನ್ನ ಪ್ರಶ್ನೆ. ಹೇಳಿದೆ. ಆಪರೇಷನ್ನಿನ ಹಿಂದಿನ ದಿನ, ಆಸ್ಪತ್ರೆಯಲ್ಲಿ. ನೀನು ಕೆಳಗೆ ಔಷಧಿ ಅಂಗಡಿಯ ಸಾಲಿನಲ್ಲಿ ನಿಂತಿದ್ದೆ. ಒಂದು ಚೂರು ಬೆಳೆಸಿ ನೋಡಲೇನಮ್ಮ ಎಂದು ಕೇಳಿದೆ. ಅದು ಬದುಕಿದರೆ ತುಂಬ ವರ್ಷ ಬದುಕಬಹುದು, ನೀನು ಹೋದ ಮೇಲೂ, ಎಂದೂ ಹೇಳಿದೆ. ಅವಳು ನಕ್ಕಳು.

"ತಗೊಂಡ್ ಹೋಗೇ. ನನಗೇನ್ ಅದರ ಮೇಲೆ ಪ್ರೀತಿನಾ? ನನ್ನ ಮಾತು ಕೇಳ್ಲಿಲ್ಲ, ನಿನ್ನ ಮಾತಾದ್ರೂ ಕೇಳುತ್ತೇನೋ ನೋಡು" ಅಂದಳು.

ಅಣ್ಣನಿಗೆ ಹೇಳಲೇ ಎಂದೆ. ಆಗ ಅವಳು ನಗುವುದನ್ನು ನಿಲ್ಲಿಸಿದಳು.

"ಅವನಿಗೆ ಬೇಡ. ಅವನ ಬಾಯಿಗೆ ಬಿದ್ದಿದ್ದು ಊರಿಗೆ ಬಿದ್ದ ಹಾಗೆ. ನಾಳೆ ಯಾರದೋ ರಿಟೈರ್‌ಮೆಂಟ್ ಫಂಕ್ಷನ್ನಲ್ಲಿ ನನ್ನ ಕರುಳಿಗೆ ಪ್ರಾಸ ಕಟ್ಟಿ ಹೇಳ್ತಾನೆ. ನಮ್ಮಿಬ್ಬರಲ್ಲೇ ಇರ್ಲಿ."

ನಾನು ಮಾತು ಕೊಟ್ಟೆ. ಅದನ್ನು ಮುರಿಯಲು ನೀನೇ ಕೇಳಿದೆ, ಮುರಿದಿದ್ದೇನೆ.

ನಿನ್ನ
ತಂಗಿ


ಏಪ್ರಿಲ್ ೧೧

ತಂಗೀ,

ಕಾಗದ ತಲುಪಿತು. ಈ ತಿಂಗಳು ಸಮಾರಂಭಗಳು ಜಾಸ್ತಿ. ಬಿಡುವಾದಾಗ ಬರೆಯುತ್ತೇನೆ.

ಅಣ್ಣ


ಮೇ ೮

ಅಣ್ಣಾ,

ನಿನ್ನ ಎರಡು ಸಾಲಿನ ಕಾಗದ ಓದಿ ಹೆದರಿದೆ. ಒಂದು ಪ್ರಾಸವೂ ಇರಲಿಲ್ಲ.

ಅತ್ತಿಗೆಗೆ ಫೋನ್ ಮಾಡಿದ್ದೆ. ನೀನು ಕಾರ್ಯಕ್ರಮಗಳನ್ನು ಬೇರೆಯವರಿಗೆ ಬಿಟ್ಟುಕೊಡುತ್ತಿದ್ದೀಯಂತೆ, ಮನೆಯಲ್ಲಿ ಮಾತೇ ಕಡಿಮೆಯಂತೆ. "ನಿಮ್ಮಣ್ಣ ಸುಮ್ನಿದ್ದಾರೆ, ಮಳೆ ಬರುತ್ತೇನೋ ನೋಡಮ್ಮ" ಎಂದು ಅತ್ತಿಗೆ ನಗಿಸಲು ನೋಡಿದರು. ಅವರಿಗೂ ನಗು ಬರಲಿಲ್ಲ, ನನಗೂ.

ಅಮ್ಮ ಅಂದದ್ದನ್ನು ನಾನು ಹಾಗೆ ಹಾಗೆಯೇ ಬರೆಯಬಾರದಿತ್ತು. ಆಪರೇಷನ್ನಿನ ಭಯದಲ್ಲಿದ್ದ ಹೆಂಗಸಿನ ತಮಾಷೆ ಅದು. ನಿನ್ನ ಕಾರ್ಯಕ್ರಮ ರೇಡಿಯೊದಲ್ಲಿ ಬಂದ ದಿನ ಕ್ಲಾಸಿನ ಅಷ್ಟೂ ಮೆಶೀನು ನಿಲ್ಲಿಸಿ ಹುಡುಗಿಯರಿಗೆಲ್ಲ ಕೇಳಿಸಿದವಳೂ ಅವಳೇ. ಅದನ್ನು ಮರೆತು ಇದನ್ನು ಮಾತ್ರ ಹಿಡಿದುಕೊಳ್ಳಬೇಡ.

ವಾದದಲ್ಲಿ ನೀನು ಗೆದ್ದೆ ಎಂದು ಬರೆದುಕೊಡುತ್ತೇನೆ. ಅಮರತ್ವ ಕೆಟ್ಟದ್ದು, ರಾಹು ಪಾಪ, ಯಯಾತಿ ಒಳ್ಳೆಯವನು, ಎಲ್ಲ ಒಪ್ಪಿದೆ. ಅಮ್ಮನ ಮೇಲಿನ ಸಿಟ್ಟನ್ನು ನನ್ನ ಮೇಲೆ ತೀರಿಸಿಕೋ, ನೀನು ಒಲ್ಲೆನೆಂದರೆ ಹಬೆಯ ಪಾತ್ರೆಗೆ ಹಾಕಿ ಬೇಯಿಸಿ ನಾಶ ಮಾಡುವ ಆ ಬಾಟಲಿಗಳ ಮೇಲೆ ಬೇಡ. ಅಮ್ಮ ಹೋದಾಗ ನಾನು ಕೊನೆಯ ಬಸ್ಸು ತಪ್ಪಿಸಿಕೊಂಡು ಬೆಳಿಗ್ಗೆ ಬಂದವಳು. ನೀನು ಅವಳ ಕೈ ಹಿಡಿದುಕೊಂಡಿದ್ದೆ. ನನಗೆ ಸಿಕ್ಕಿದ್ದು ಇದಿಷ್ಟೇ.

ಗಡುವು ಹತ್ತಿರ ಬಂತು. ಎರಡರಲ್ಲಿ ಒಂದು ಬರೆ.

ನಿನ್ನ
ತಂಗಿ


ಮೇ ೧೯

ಮಾನ್ಯ ಸಭಿಕರೇ,

ಚರ್ಚೆ ಮುಕ್ತಾಯದ ಹಂತಕ್ಕೆ ಬಂದಿದೆ. ಎರಡೂ ಕಡೆಯವರು ಸೊಗಸಾಗಿ ಮಾತನಾಡಿದ್ದಾರೆ. ಒಂದು ಕಡೆಯವರು ಸೋಲೊಪ್ಪಿ ಪತ್ರವನ್ನೂ ಬರೆದುಕೊಟ್ಟಿದ್ದಾರೆ. ಸಮಾರೋಪದ ನಾಲ್ಕು ಮಾತು ಹೇಳುವುದು ನಿರೂಪಕನ ಧರ್ಮ.

ಹಣೆಯ ಮಣಿ ಕಿತ್ತ ಗಾಯದಲ್ಲಿ ಕೀವು ಸೋರಿಸುತ್ತ ಇವತ್ತಿಗೂ ಅಲೆಯುತ್ತಿರುವ ಅಶ್ವತ್ಥಾಮನಿಗೆ ಚಿರಂಜೀವಿ ಎನ್ನುತ್ತೇವೆ. ಅದೇ ಪದವನ್ನು ಮಕ್ಕಳ ಹೆಸರಿಗೆ ಮೊದಲು ಹಾಕಿ ಹರಸುತ್ತೇವೆ. ಸಾಯಬೇಡ ಎಂದು ಶಪಿಸುವುದೂ ಸಾಯಬೇಡ ಎಂದು ಹರಸುವುದೂ ಒಂದೇ ಬಾಯಿ. ವಿಜ್ಞಾನ ಹೇಳುವುದೂ ಬೇರೆಯಲ್ಲ: ನಿಲ್ಲಬೇಕಾದಲ್ಲಿ ನಿಲ್ಲುವುದು ಆರೋಗ್ಯ, ನಿಲ್ಲದಿರುವುದು ರೋಗ. ಬಾಳಿಗೊಂದು ಗಡಿ ಬೇಕು, ಗಡಿಗೊಂದು ಬಾಗಿಲು ಬೇಕು, ಬಾಗಿಲಲ್ಲಿ

ಬೇಡ. ಸಾಕು. ಇಲ್ಲಿ ಯಾವ ಸಭೆಯೂ ಇಲ್ಲ. ಮಧ್ಯಾಹ್ನದ ಹೊತ್ತು, ಅಡುಗೆಮನೆಯ ಮೇಜು, ನಿನ್ನ ಅತ್ತಿಗೆ ಹೊರಗೆ ಹೋಗಿದ್ದಾಳೆ.

ಏಪ್ರಿಲ್ ಕೊನೆಯ ವಾರ ನಿಮ್ಮ ಸಂಸ್ಥೆಗೆ ಬಂದಿದ್ದೆ. ನೀನು ಪರೀಕ್ಷೆ ನಡೆಸಲು ಬೇರೆ ಕಾಲೇಜಿಗೆ ಹೋದ ದಿನ ನೋಡಿಕೊಂಡೇ ಬಂದೆ. ಸಹಿ ಹಾಕಲು ಬಂದಿದ್ದೆ, ತಂಗಿ. ಅಮ್ಮ ಅಂದದ್ದನ್ನು ಎರಡು ವಾರ ಅಗಿದು ನುಂಗಿದ್ದೆ. ಅವಳು ಹೇಳಿದ್ದು ಸುಳ್ಳಲ್ಲವಲ್ಲ, ನಾನು ಪ್ರಾಸ ಕಟ್ಟಿದೆನಲ್ಲ. ಪೆನ್ನು ಜೇಬಿನಲ್ಲಿತ್ತು.

ಸಹಿಗೆ ಮುಂಚೆ ಒಂದು ಸಲ ನೋಡಿ ಎಂದು ನಿರ್ದೇಶಕರೇ ನಿನ್ನ ಸಹಾಯಕಿಯ ಜೊತೆ ಕಳಿಸಿದರು. ನೀಲಿ ಕೋಟು, ತಲೆಗೆ ಟೋಪಿ, ಕಾಲಿಗೆ ಚೀಲ, ಮದುವೆಗೆ ಹೊರಟ ಬೊಂಬೆಯ ಹಾಗೆ ನಿಂತೆ. ಆ ಹುಡುಗಿ ಬಾಟಲಿಯನ್ನು ಬೆಚ್ಚನೆಯ ಪೆಟ್ಟಿಗೆಯಿಂದ ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ನೋಡಿದೆ. ಉದ್ದುದ್ದವಾಗಿ ತಳಕ್ಕಂಟಿಕೊಂಡಿದ್ದವು ಕೆಲವು. ದುಂಡಗೆ ಹೊಳೆಯುತ್ತಿದ್ದವು ಕೆಲವು. ಈಗ ಎರಡಾಗಲಿರುವವು ಅವು ಎಂದಳು. ಇದರಲ್ಲಿ ಅವಳು ಯಾವುದು ಎಂದು ಕೇಳಿದೆ, ಮೂರ್ಖನ ಹಾಗೆ. ಎಲ್ಲವೂ ಸರ್ ಎಂದಳು. ಅಮ್ಮ ಎಂದು ಕರೆಯಬೇಕು ಅನ್ನಿಸಿತು. ಸಾವಿರ ಜನರ ಮುಂದೆ ಬಾಯಿ ಒಣಗದವನಿಗೆ ದನಿ ಬರಲಿಲ್ಲ.

ಹುಡುಗಿ ನನ್ನನ್ನು ಸಮಾಧಾನ ಮಾಡಲೆಂದೇ ಒಂದು ಮಾತು ಹೇಳಿದಳು. "ಮೇಡಂ ಕೈಗೆ ತುಂಬಾ ಒಗ್ಗಿಬಿಟ್ಟಿವೆ ಸರ್. ಅವರು ಎರಡು ದಿನ ರಜೆ ಹಾಕಿದ್ರೆ ಇವು ಬೆಳೆಯೋದೇ ನಿಧಾನ. ನಾವು ಎಷ್ಟು ನೋಡ್ಕೊಂಡ್ರೂ ಅಷ್ಟೇ."

ಅದು ವಿಜ್ಞಾನವಲ್ಲ, ಲ್ಯಾಬಿನವರ ಮೂಢನಂಬಿಕೆ ಎಂದು ನನಗೂ ಗೊತ್ತು. ಆದರೆ ಆ ಮಾತು ಕೇಳಿದ ಮೇಲೆ ನನ್ನೊಳಗೆ ಏನೋ ಮುಚ್ಚಿಕೊಂಡಿತು. ಆರು ತಿಂಗಳು ತೊಳೆದ ಕೈ ನನ್ನದು, ಒಗ್ಗಿದ್ದು ನಿನ್ನ ಕೈಗೆ. ಗುಟ್ಟು ನಿನಗೆ, ಬೋಗುಣಿ ನನಗೆ. ಕೋಟು ಬಿಚ್ಚಿ ನೇರ ನಿರ್ದೇಶಕರ ಕೋಣೆಗೆ ಹೋದೆ. ಒಪ್ಪಿಗೆಯಿಲ್ಲ ಎಂದು ಬರೆದು ಸಹಿ ಹಾಕಿದೆ. ತಂಗಿಗೆ ಈಗಲೇ ಹೇಳಬೇಡಿ ಎಂದೆ. ಗಡುವಿನೊಳಗೆ ನನ್ನ ಮನಸ್ಸು ಬದಲಾದೀತೆಂಬ ಆಸೆಯಿಂದ ಅವರು ಒಪ್ಪಿ, ಆ ಹುಡುಗಿಗೂ ಹೇಳಬೇಡವೆಂದರು. ಬದಲಾಗಿಲ್ಲ. ಈ ಮೂರು ವಾರ ನೀನು ಕಾಯುತ್ತಿದ್ದದ್ದು ಆಗಲೇ ಮುಗಿದುಹೋದ ತೀರ್ಪಿಗೆ.

ಸಾವಿಲ್ಲದಿರುವುದು ಒಳ್ಳೆಯದೋ ಕೆಟ್ಟದ್ದೋ ನನಗೆ ತಿಳಿಯದು. ಅವಳು ನನ್ನನ್ನು ಕೇಳಿದ್ದರೆ ಪ್ರಶ್ನೆ ಮುಗಿಯುವ ಮೊದಲೇ ಹ್ಞೂಂ ಅನ್ನುತ್ತಿದ್ದೆ, ಲೋಕ ಮುಳುಗುವವರೆಗೂ ಇರು ಅನ್ನುತ್ತಿದ್ದೆ. ಅವಳು ಕೇಳಲಿಲ್ಲ.

ಇನ್ನೊಂದು. ಬೇರೆ ದೇಶದ ಎರಡು ಲ್ಯಾಬುಗಳಿಗೆ ನೀವು ಹಿಂದೆ ಕಳಿಸಿದ್ದನ್ನು ವಾಪಸು ತರಿಸಲು ಬರುವುದಿಲ್ಲ ಎಂದು ನಿರ್ದೇಶಕರು ಸಹಿಗೆ ಮುಂಚೆಯೇ ಎಚ್ಚರಿಸಿದರು. ಅಲ್ಲಿ ಅದಕ್ಕೆ ಹೆಸರಿಲ್ಲ, ಬರೀ ನಂಬರಂತೆ. ಅಂದರೆ ನನ್ನ ಸಹಿಯಿಂದ ಅವಳಿಗೆ ಬಿಡುಗಡೆಯೇನೂ ಸಿಗುವುದಿಲ್ಲ. ಅವಳು ಬೆಳೆಯುತ್ತಲೇ ಇರುತ್ತಾಳೆ, ಅವಳು ಯಾರೆಂದು ಗೊತ್ತಿಲ್ಲದವರ ಕೈಯಲ್ಲಿ. ನಿನ್ನ ಕೈಯಲ್ಲಿ ಮಾತ್ರ ಇರುವುದಿಲ್ಲ. ಅದು ತಿಳಿದೇ ಸಹಿ ಹಾಕಿದೆ. ನನಗೆ ಬೇಕಾಗಿದ್ದದ್ದು ಅಷ್ಟೇ.

ಅಣ್ಣ